ಜಗಳ ಹೆಸರಿನದಲ್ಲ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನನ್ನ ಗಂಡ ಬಸವಕಿರಣ್ ಊರಿಗೆಲ್ಲ ಸಾರಿಕೊಂಡು ಬಂದಿದ್ದಾನೆ. ಇರಲಿ. ಹೆರಿಗೆ ರಜೆಯಲ್ಲಿ ಮನೆಯಲ್ಲಿರುವವಳಿಗೆ ಬೆಳಗ್ಗೆ ಬೆಳಗ್ಗೆ ಕೆಲಸದ ಫೋನು ಬಂದರೆ ಕೋಪ ಬರದೆ ಇರುತ್ತದೆಯೇ?

"ಸೌಂದರ್ಯಾ ಮೇಡಂ, ಅಪಾಯಿಂಟ್‌ಮೆಂಟ್ ಸ್ಕ್ರೀನು ಒಂದ್ ಸಲ ಬರುತ್ತೆ, ಒಂದ್ ಸಲ ಹೋಗುತ್ತೆ. ಪೇಷೆಂಟ್ಸ್ ಎಲ್ಲ ನನ್ನ ಮೇಲೆ ಎಗರಾಡ್ತಾ ಇದಾರೆ," ಎಂದ ಮಂಜುನಾಥ್. ವಿಜಯನಗರದ ಕಣ್ಣಿನ ಕ್ಲಿನಿಕ್ ಒಂದರ ರಿಸೆಪ್ಷನ್ನಿನಲ್ಲಿ ಕೂರುವವನು ಅವನು. ಅಲ್ಲಿಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವವಳು ನಾನು.

"ಯಾರಾದ್ರೂ ಏನಾದ್ರೂ ಮುಟ್ಟಿದ್ರಾ?"

"ನಿಮ್ಮ ಬದಲಿಗೆ ಬಂದಿರೋ ಮಹೇಶ್ ಸಾರ್ ಟೆಸ್ಟಿಂಗಿಗೆ ಅಂತ ಮೆಷಿನ್‌ದು ಒಂದು ಕಾಪಿ ಮಾಡಿದ್ರು. ಈಗ ತಾನೇ ಅದನ್ನ ಆನ್ ಮಾಡಿ ಹೊರಗಡೆ ಹೋದ್ರು. ಫೋನ್ ತೆಗೀತಾ ಇಲ್ಲ."

"ಭೇಷ್! ಬೆಂಕಿ ಹಚ್ಚಿದ್ದು ಅವ್ರು, ಆರಿಸೋಕೆ ನಾನು," ಎಂದು ಲ್ಯಾಪ್‌ಟಾಪ್ ತೆರೆದೆ.

ಕ್ಲಿನಿಕ್ಕಿನ ದೊಡ್ಡ ಕಂಪ್ಯೂಟರಿನ ಹೊಟ್ಟೆಯೊಳಗೆ ಬರೀ ಸಾಫ್ಟ್‌ವೇರಿನಿಂದಲೇ ಮಾಡಿದ ಸಣ್ಣ ಲಿನಕ್ಸ್ ಮೆಷಿನ್ನುಗಳಿವೆ. ಅಪಾಯಿಂಟ್‌ಮೆಂಟಿನದೂ ಅಂಥದ್ದೇ ಒಂದು. ಅಂಥವನ್ನು ನಕಲು ಮಾಡುವುದು ಸುಲಭ, ಆದರೆ ನಕಲಿನ ಜೊತೆಗೆ ಹೆಸರು, ನೆಟ್‌ವರ್ಕ್ ಅಡ್ರೆಸ್ಸಿನ ನಂಬರು ಎಲ್ಲವೂ ಬಂದುಬಿಡುತ್ತದೆ. ಅದನ್ನು ಬದಲಾಯಿಸದೆ ಆನ್ ಮಾಡಿದರೆ ಮುಗಿಯಿತು ಕಥೆ. ಮೊದಲು ನಕಲನ್ನು ನೆಟ್‌ವರ್ಕಿನಿಂದ ಬಿಡಿಸಿದೆ. ಕ್ಲಿನಿಕ್ಕಿನ ಸ್ಕ್ರೀನು ಸರಿಯಾಯಿತು, ಮಂಜುನಾಥನ ಉಸಿರು ಫೋನಿನಲ್ಲೇ ಕೇಳಿಸಿತು. ಇನ್ನು ನಕಲಿನ ಸೆಟ್ಟಿಂಗ್ಸ್ ಸರಿಪಡಿಸಬೇಕಿತ್ತು.

ಪಕ್ಕದಲ್ಲಿ ಅತ್ತೆ ನೀಲಗಂಗಮ್ಮ ಮಗುವನ್ನು ಕಾಲ ಮೇಲೆ ಹಾಕಿಕೊಂಡು ಕೂತಿದ್ದರು. ತೊಟ್ಟಿಲ ಕಾರ್ಯಕ್ಕೆಂದು ರಾಣೆಬೆನ್ನೂರಿನಿಂದ ಬಸವೇಶ್ವರನಗರದ ನಮ್ಮ ಬಾಡಿಗೆ ಮನೆಗೆ ಬಂದಿದ್ದರು. ಕಾರ್ಯ ನಾಡಿದ್ದು, ಹೆಸರು ಮಾತ್ರ ಇನ್ನೂ ತೀರ್ಮಾನವಾಗಿರಲಿಲ್ಲ. ಹೋದ ವರ್ಷ ತೀರಿಕೊಂಡ ಮಾವನವರ ಹೆಸರೇ ಆಗಬೇಕೆಂದು ಅವರ ಹಟ. ರೇವಣಸಿದ್ದಪ್ಪ! ಅಂಗೈಯಗಲದ ಕೂಸಿಗೆ ಅಷ್ಟುದ್ದದ ಹೆಸರೇ? ಮಗು ಹೊಟ್ಟೆಯಲ್ಲಿದ್ದಾಗಲೇ ನಾನು ಆರುಷ್ ಎಂದು ಕರೆಯುತ್ತಿದ್ದೆ, ಬೇರೆ ಹೆಸರಿಗೆ ನನ್ನ ಮನಸ್ಸು ಸುತರಾಂ ಒಪ್ಪುತ್ತಿರಲಿಲ್ಲ. ಬಂದಾಗಿನಿಂದ ಇಬ್ಬರೂ ಮುಖ ಗಂಟಿಕ್ಕಿಕೊಂಡೇ ಓಡಾಡುತ್ತಿದ್ದೆವು.

"ಏನಾಗೇತವ್ವಾ ಅದಕ್ಕ?" ಎಂದು ಕೇಳಿದರು.

ನನ್ನ ಗಮನವೆಲ್ಲ ಸ್ಕ್ರೀನಿನಲ್ಲಿತ್ತು. "ಒಂದು ಮೆಷಿನ್ ಇತ್ತು, ಅತ್ತೆ. ಅದರ ಹಾಗೇ ಇನ್ನೊಂದು ಮಾಡಿ, ಅದೇ ಹೆಸರು, ಅದೇ ನಂಬರು ಇಟ್ಟಿದಾರೆ. ಎರಡೂ ಕಿತ್ತಾಡ್ತಾ ಇವೆ. ಇದಕ್ಕೂ ನೆಮ್ಮದಿ ಇಲ್ಲ, ಅದಕ್ಕೂ ನೆಮ್ಮದಿ ಇಲ್ಲ."

ನಾನು ನಕಲಿನ ಅಡ್ರೆಸ್ಸು ಬದಲಾಯಿಸಿದೆ, ಅದರ ನೆಟ್‌ವರ್ಕ್ ಕಾರ್ಡಿಗೆ ಹೊಸ ನಂಬರು ಕೊಟ್ಟೆ. ಆದರೂ ನೆಟ್‌ವರ್ಕಿಗೆ ಸೇರಿಸಿದರೆ ಅದು ಎದ್ದೇಳಲಿಲ್ಲ. ಹುಡುಕಿದರೆ, ಸೆಟ್ಟಿಂಗ್ಸ್ ಫೈಲಿನ ಒಂದು ಮೂಲೆಯಲ್ಲಿ ಹಳೆಯ ಕಾರ್ಡಿನ ನಂಬರು ಹಾಗೇ ಕೂತಿತ್ತು. ಅದನ್ನೂ ತಿದ್ದುತ್ತಿದ್ದಾಗ ಅತ್ತೆ ಸಣ್ಣ ದನಿಯಲ್ಲಿ ಅಂದರು:

"ಹಂಗಾರ ಬ್ಯಾಡ ಬಿಡವ್ವಾ. ನಿನಗ ಬೇಕಾದ ಹೆಸರ ಇಡು."

"ಏನಂದ್ರಿ?"

"ಒಂದ ಹೆಸರಿದ್ರ ಇಬ್ರಿಗೂ ನೆಮ್ಮದಿ ಇಲ್ಲ ಅಂದ್ಯಲ್ಲ. ಹೋದವರು ಅಲ್ಲೆರ ಆರಾಮ ಇರ್ಲಿ. ಕೂಸಿಗೂ ಏನರ ಆಗೂದು ಬ್ಯಾಡ."

ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ! ಕುಣಿದುಬಿಡಬೇಕು ಅನ್ನಿಸಿತು, ಸುಳ್ಳು ಯಾಕೆ ಹೇಳಲಿ. ತುಟಿ ಬಿಗಿಹಿಡಿದು ಫೈಲು ಸೇವ್ ಮಾಡಿದೆ, ನಕಲನ್ನು ಮತ್ತೆ ನೆಟ್‌ವರ್ಕಿಗೆ ಸೇರಿಸಿದೆ. ಈ ಸಲ ಎದ್ದಿತು. ಕ್ಲಿನಿಕ್ಕಿನ ಸ್ಕ್ರೀನೂ ಅಲುಗಾಡಲಿಲ್ಲ. ಆಗ ನೋಡುತ್ತೇನೆ, ನಕಲಿನ ಹೆಸರನ್ನೇ ನಾನು ಬದಲಾಯಿಸಿರಲಿಲ್ಲ. ಎರಡೂ ಒಂದೇ ಹೆಸರಿಟ್ಟುಕೊಂಡು ತಮ್ಮ ಪಾಡಿಗೆ ತಾವು ಕೆಲಸ ಮಾಡುತ್ತಿದ್ದವು.

ಹೇಳದಿದ್ದರೆ ಅತ್ತೆಗೆ ಗೊತ್ತಾಗುತ್ತಿರಲಿಲ್ಲ. ಅವರು ಸೆರಗಿನಿಂದ ಮಗುವಿನ ಬಾಯಿ ಒರೆಸುತ್ತಿದ್ದರು. ಆ ಮುಖ ನೋಡಿ ಲ್ಯಾಪ್‌ಟಾಪನ್ನು ಅವರ ಕಡೆ ತಿರುಗಿಸಿದೆ. ಥೂ, ನನ್ನ ಗೆಲುವಿಗಿಷ್ಟು!

"ಅತ್ತೆ, ನಾನು ಹೇಳಿದ್ದು ತಪ್ಪು. ಜಗಳ ಹೆಸರಿಂದಲ್ಲ, ನಂಬರಿಂದು. ನೋಡಿ, ಎರಡಕ್ಕೂ ಒಂದೇ ಹೆಸರಿದೆ, ಎರಡೂ ಚೆನ್ನಾಗಿ ನಡೀತಾ ಇವೆ."

"ಖರೇನ?"

"ನಿಮ್ಮಾಣೆಗೂ. ಆದ್ರೆ ಒಂದು ಹೇಳಿ, ಅದೇ ಹೆಸರು ಯಾಕೆ ಬೇಕು ನಿಮಗೆ?"

ಅವರು ಮಗುವಿನ ಅಂಗಾಲು ಸವರಿದರು.

"ನಮ್ಮ ಕಾಲದಾಗ ಗಂಡನ ಹೆಸರ ಹೇಳ್ತಿದ್ದಿಲ್ಲವ್ವಾ. ಮದುವಿ ಮನ್ಯಾಗ ಎಲ್ಲಾರೂ ಕಾಡಿದ್ರ ಒಡಪಿನ ಪದದಾಗ ಸೇರಿಸಿ ಹೇಳಿದ್ದಷ್ಟ. ದವಾಖಾನ್ಯಾಗ ಅವರಿಗೆ ಎಚ್ಚರ ತಪ್ಪಿತ್ತು. ನರ್ಸು ಬಂದು, 'ಅಮ್ಮಾ, ಹೆಸರ ಹಿಡದು ಜೋರಾಗಿ ಕರೀರಿ, ಕೇಳಿಸಿದ್ರೂ ಕೇಳಿಸೀತು' ಅಂದ್ಲು. ನನಗ ಬಾಯೇ ಬರ್ಲಿಲ್ಲ. 'ಏನ್ರೀ, ಏನ್ರೀ' ಅಂದೆ. ಅಲ್ಲೆ ಇದ್ದ ಹೆಣಮಕ್ಕಳೆಲ್ಲಾ ತಮ್ಮ ಗಂಡಂದಿರಿಗೆ ಏನ್ರೀ ಅಂತಾರ. ಯಾರನ್ನ ಕರದ್ಲು ಅಂತ ಅವರಿಗೆ ಹೆಂಗ ತಿಳೀಬೇಕು?"

ಆರುಷ್ ಎನ್ನುವ ಹೆಸರು ಅಲ್ಲಿಗೆ ಮುಗಿಯಿತು, ಮುಗಿದದ್ದಕ್ಕೆ ನನಗೆ ಒಂದಿಷ್ಟೂ ಬೇಜಾರಾಗಲಿಲ್ಲ.

"ಮೊಮ್ಮಗನ್ನ ಕರೆದ್ರೆ ಯಾರೇನಂತಾರೆ? ನಾಡಿದ್ದಿನವರೆಗೂ ಕಾಯೋದೇನೂ ಬೇಡ. ಈಗಲೇ ಕರೀರಿ, ಅತ್ತೆ," ಎಂದೆ.

ಅವರು ಬಾಗಿಲ ಕಡೆ ಒಮ್ಮೆ ನೋಡಿದರು. ಆಮೇಲೆ ಮಗುವಿನ ಮೇಲೆ ಬಾಗಿ, "ರೇವಣಸಿದ್ದಪ್ಪಾ," ಎಂದರು. ಪಿಸುಮಾತಿನಂತಿತ್ತು. ಮಗು ಮಲಗೇ ಇತ್ತು.

"ರೇವಣಸಿದ್ದಪ್ಪಾ!"

ಇಡೀ ಮನೆಗೆ ಕೇಳಿಸಿತು. ಮಗು ಮಿಸುಕಲಿಲ್ಲ. ಅತ್ತೆಯ ಕಣ್ಣಿಂದ ನೀರು ದಳದಳ ಇಳಿಯಿತು.

"ಅವತ್ತೂ ದವಾಖಾನ್ಯಾಗ ಹಿಂಗ ಮಲಗಿದ್ದಿ. ಈಗರ ಓ ಅನ್ನೋ, ಹೆಸರ ಹಿಡದು ಕರ್ಯಾಕತ್ತೀನಿ!"