ಆರನೆಯ ಸುರುಳಿ

ನಮ್ಮ ಎಣಿಕೆ ಕೋಣೆಯಲ್ಲಿ ಯಾರೂ ಕೂರುವುದಿಲ್ಲ. ಕೂರಬಾರದು ಎಂದು ಎಲ್ಲಿಯೂ ಬರೆದಿಲ್ಲ, ಮೇಜುಗಳೇ ಸೊಂಟಕ್ಕಿಂತ ಎತ್ತರವಾಗಿವೆ. ಬೀಜ ಪರೀಕ್ಷಾ ಕೇಂದ್ರ ಶುರುವಾದಾಗ ಯಾರೋ ಉದ್ದನೆಯ ಮನುಷ್ಯ ತನ್ನ ಅಳತೆಗೆ ಮಾಡಿಸಿದನಂತೆ. ಅಂದಿನಿಂದ ನಿಂತೇ ಎಣಿಸುವುದು ರೂಢಿ. ಒಬ್ಬರು ಎಣಿಸುವಾಗ ಇನ್ನೊಬ್ಬರು ಮಾತಾಡಬಾರದು ಎನ್ನುವುದು ಇನ್ನೊಂದು ರೂಢಿ. ನಾಲ್ಕು ಜನರ ನಡುವೆ ನಾಲಿಗೆ ಏಳದ ನನಗೆ ಎರಡನೆಯದು ವರ, ಮೊದಲನೆಯದು ಶಾಪ.

ಮಾರಾಟಕ್ಕೆ ಹೋಗುವ ಮುಂಚೆ ಬಿತ್ತನೆ ಬೀಜದ ಮಾದರಿ ನಮ್ಮಲ್ಲಿಗೆ ಬರುತ್ತದೆ. ಒಂದೊಂದು ಮಾದರಿಯಿಂದ ನಾನೂರು ಕಾಳು ತೆಗೆದು, ಒದ್ದೆ ಕಾಗದದ ಮೇಲೆ ಐವತ್ತೈವತ್ತರಂತೆ ಸಾಲಾಗಿಟ್ಟು, ಚಾಪೆ ಸುತ್ತಿದಂತೆ ಸುತ್ತಿ, ಎಂಟು ಸುರುಳಿಗಳನ್ನು ಬೆಚ್ಚಗಿನ ಕಪಾಟಿನಲ್ಲಿ ನಿಲ್ಲಿಸುತ್ತೇವೆ. ಮೆಕ್ಕೆಜೋಳವಾದರೆ ಏಳನೆಯ ದಿನ ಬಿಚ್ಚುವುದು. ನೆಟ್ಟಗೆ ಮೊಳೆತದ್ದು ಒಂದು ಕಡೆ, ಸೊಟ್ಟಗಾದದ್ದು ಒಂದು ಕಡೆ, ಸತ್ತದ್ದು ಒಂದು ಕಡೆ. ನೂರಕ್ಕೆ ತೊಂಬತ್ತು ನೆಟ್ಟಗಿದ್ದರೆ ಬೀಜ ಪಾಸು. ಕಡಿಮೆಯಾದರೆ ಮೂಟೆಗಳು ಬಿತ್ತನೆಗೆ ಹೋಗುವಂತಿಲ್ಲ.

ನನಗೆ ಸಕ್ಕರೆ ಕಾಯಿಲೆ ಬಂದಾಗ ಹನ್ನೊಂದು ವರ್ಷ. ಅದರೊಡನೆ ಸಂಸಾರ ಮಾಡಿ ಈಗ ಹದಿಮೂರು ವರ್ಷವಾಯಿತು. ಹೊಟ್ಟೆಗೆ ದಿನಕ್ಕೆ ನಾಲ್ಕು ಸೂಜಿ ಚುಚ್ಚಿಕೊಳ್ಳುವುದು ಹಲ್ಲುಜ್ಜುವಷ್ಟೇ ಸಾಮಾನ್ಯವಾಗಿತ್ತು. ಎಂಟು ತಿಂಗಳ ಹಿಂದೆ ಅದು ಪಾದಕ್ಕಿಳಿಯಿತು. ಒಂದು ಮಧ್ಯಾಹ್ನ ಬಸ್ಸಿನಲ್ಲಿ ನಿಂತಿದ್ದಾಗ ಎಡಗಾಲಿನ ಹೆಬ್ಬೆರಳಿನಿಂದ ಹಿಮ್ಮಡಿವರೆಗೆ ಚುಳ್ಳೆಂದಿತು. ಯಾರೋ ಕಾಲು ತುಳಿದರು ಎಂದುಕೊಂಡು ಪಕ್ಕದವರನ್ನು ದುರುಗುಟ್ಟಿ ನೋಡಿದ್ದೆ, ಪಾಪ. ನರಗಳ ಮೇಲಿನ ಹೊದಿಕೆ ಸವೆದಿದೆ ಎಂದರು ಡಾಕ್ಟರು. ಮುಟ್ಟಿದರೆ ಗೊತ್ತಾಗದ ಪಾದ, ಮುಟ್ಟದೇ ಇದ್ದಾಗ ಉರಿಯುತ್ತದೆ. ಇದು ಎಂಥ ನ್ಯಾಯ ಎಂದು ನನ್ನ ದಿನಚರಿ ಪುಸ್ತಕದಲ್ಲಿ ಮೂರು ಸಲ ಬರೆದಿದ್ದೇನೆ. ಉರಿಯಾದರೂ ಸಹಿಸಬಹುದು, ಅದಕ್ಕೊಂದು ಹೊತ್ತುಗೊತ್ತಿದೆ. ಹೇಳದೆ ಕೇಳದೆ ಬರುವ ಆ ಚಳಕಿಗೆ ಮಾತ್ರ ಏನೂ ಇಲ್ಲ. ಬರುತ್ತದೆ, ಮಂಡಿ ಮಡಚಿಸುತ್ತದೆ, ಹೋಗುತ್ತದೆ. ಹೋದ ಮೇಲೆ ಇನ್ನೊಂದು ಯಾವಾಗ ಎಂದು ಕಾಯುವುದೇ ದಿನವೆಲ್ಲ ನನ್ನ ಎರಡನೆಯ ಕೆಲಸ.

ಇದನ್ನು ಕೇಂದ್ರದಲ್ಲಿ ಯಾರಿಗೂ ಹೇಳಿರಲಿಲ್ಲ. ಹಿಂದೆ ಪಾಠ ಹೇಳುತ್ತಿದ್ದ ಕಡೆ ಹೇಳಿದ್ದಕ್ಕೆ, "ಮೊದಲು ಆರೋಗ್ಯ ನೋಡ್ಕೊಳ್ಳಿ, ನಾವೇ ಕರೀತೀವಿ" ಎಂದಿದ್ದರು. ಇನ್ನೂ ಕರೆಯುತ್ತಲೇ ಇದ್ದಾರೆ. ಹಾಗಾಗಿ ಇಲ್ಲಿನ ಅರ್ಜಿಯಲ್ಲಿ ದೀರ್ಘಕಾಲದ ಕಾಯಿಲೆ ಉಂಟೇ ಎನ್ನುವಲ್ಲಿ ಒಂದು ಗೆರೆ ಎಳೆದಿದ್ದೆ. ಹೌದೂ ಅಲ್ಲ, ಇಲ್ಲವೂ ಅಲ್ಲ. ಆರು ತಿಂಗಳ ಪರೀಕ್ಷಾ ಅವಧಿ ಮುಂದಿನ ವಾರ ಮುಗಿಯುವುದಿತ್ತು. ಆಮೇಲೆ ಕೆಲಸ ಕಾಯಂ.

ಕೋಣೆಯ ಹಿರಿಯಳನ್ನು ಎಲ್ಲರೂ ಚಿಮಟಕ್ಕ ಎನ್ನುತ್ತಾರೆ. ಚಿಮಟದಲ್ಲಿ ಮೊಳಕೆ ಎತ್ತಿದಷ್ಟೇ ನಾಜೂಕಾಗಿ ಜನರ ತಪ್ಪನ್ನೂ ಎತ್ತುತ್ತಾಳೆ. ಆ ಗುರುವಾರ ಬೆಳಿಗ್ಗೆಯೇ ನನ್ನನ್ನು ನೋಡಿ, "ಏನೇ, ನಿಂತಲ್ಲೇ ಕುಣೀತಿದ್ದೀಯ? ಮದುವೆಗಿದುವೆ ಗೊತ್ತಾಯ್ತಾ?" ಎಂದಿದ್ದಳು.

"ಚಪ್ಪಲಿ ಬಿಗಿ ಅಕ್ಕ."

"ಆರು ತಿಂಗಳಿಂದ ಬಿಗೀನಾ? ರಬ್ಬರ್ ಚಪ್ಪಲಿ ಕಣೇ ಅದು, ಕಬ್ಬಿಣದ್ದಲ್ಲ."

ಅಂದು ಬಿಚ್ಚಬೇಕಾದದ್ದು ಇನ್ನೂರ ಹನ್ನೆರಡು ಮತ್ತು ಇನ್ನೂರ ಹದಿಮೂರನೆಯ ಮಾದರಿಗಳು. ಎರಡೂ ಮೆಕ್ಕೆಜೋಳ, ಕಳಿಸಿದವರು ಬೇರೆ ಬೇರೆ. ಕಪಾಟಿನಿಂದ ಮೇಜಿಗೆ ಹದಿನಾಲ್ಕು ಹೆಜ್ಜೆ. ಒಂದು ಸಲಕ್ಕೆ ಒಂದೇ ಸುರುಳಿ ತರಬೇಕು, ಅದನ್ನು ಎಣಿಸಿ ಬರೆದ ಮೇಲೆಯೇ ಇನ್ನೊಂದು. ಮಧ್ಯಾಹ್ನದ ಹೊತ್ತಿಗೆ ಒಂದೊಂದು ಹೆಜ್ಜೆಯೂ ಕೆಂಡವಾಗಿತ್ತು. ಚಿಮಟಕ್ಕ ಹಿಂದಿನ ಕೋಣೆಯಲ್ಲಿ ತಟ್ಟೆ ತೊಳೆಯುತ್ತಿದ್ದಳು. ಹೆಜ್ಜೆ ಉಳಿಸೋಣವೆಂದು ಎರಡೂ ಮಾದರಿಗಳ ಆರನೆಯ ಸುರುಳಿಗಳನ್ನು ಒಂದೇ ತಟ್ಟೆಗೆ ಹಾಕಿಕೊಂಡೆ. ಮೇಜಿನ ಬಳಿ ನಿಲ್ಲುವ ಹೊತ್ತೂ ಉಳಿಯಲಿ ಎಂದು ಕಪಾಟಿನ ಹತ್ತಿರವೇ ರಬ್ಬರ್ ಬ್ಯಾಂಡುಗಳನ್ನು ಬಿಚ್ಚಿದೆ.

ಒಂಬತ್ತನೆಯ ಹೆಜ್ಜೆಗೆ ಚಳಕು ಬಂತು. ಮಂಡಿ ಮಡಚಿತು, ತಟ್ಟೆ ಓರೆಯಾಯಿತು, ಎರಡು ಸುರುಳಿಗಳೂ ನೆಲದ ಮೇಲೆ ಬಿಚ್ಚಿಕೊಂಡವು. ನೂರು ಮೊಳಕೆಗಳು ಬೇರಿಗೆ ಬೇರು ಹೆಣೆದುಕೊಂಡು ಒಂದೇ ಗುಡ್ಡೆಯಾಗಿ ಬಿದ್ದಿದ್ದವು. ಯಾವುದು ಯಾರದು ಎಂದು ಆ ದೇವರೂ ಹೇಳುವ ಹಾಗಿರಲಿಲ್ಲ.

ಒಳಗೆ ನಲ್ಲಿ ಸುರಿಯುತ್ತಲೇ ಇತ್ತು. ಯಾರೂ ನೋಡಿರಲಿಲ್ಲ. ಎಲ್ಲವನ್ನೂ ಬಾಚಿ ಮೇಜಿಗೆ ತಂದೆ. ನೆಟ್ಟಗಿದ್ದವು ಎಂಬತ್ತೆಂಟು. ಅದುವರೆಗೆ ಎಣಿಸಿದ ಸುರುಳಿಗಳ ಲೆಕ್ಕ ನೋಡಿಕೊಂಡು, ಅದಕ್ಕೆ ಹೊಂದುವಂತೆ ಇನ್ನೂರ ಹನ್ನೆರಡಕ್ಕೆ ನಲವತ್ತಾರು, ಇನ್ನೂರ ಹದಿಮೂರಕ್ಕೆ ನಲವತ್ತೆರಡು ಎಂದು ಬರೆದೆ. ಕೈ ನಡುಗಲಿಲ್ಲ. ನನಗೆ ಭಯವಾದದ್ದೇ ಅದಕ್ಕೆ. ಕೊನೆಗೆ ಎಂಟೂ ಸುರುಳಿ ಕೂಡಿದಾಗ ಇನ್ನೂರ ಹದಿಮೂರನೆಯದು ಕೂದಲೆಳೆಯಲ್ಲಿ ಪಾಸಾಗಿತ್ತು. ನಾನು ಒಂದೆರಡು ಮೊಳಕೆ ಇನ್ನೊಂದರ ಲೆಕ್ಕಕ್ಕೆ ಬರೆದಿದ್ದರೆ ಫೇಲು.

ಮನೆಗೆ ಬಂದರೆ ಅಜ್ಜಿ ಬಾಗಿಲಲ್ಲೇ ಕೂತಿದ್ದಳು.

"ಬಂದ್ಯಾ ನನ್ನ ಮುದುಕಿ," ಎಂದಳು. ಕಾಲುನೋವು ಶುರುವಾದ ಮೇಲೆ ನನಗೆ ಅವಳಿಟ್ಟ ಹೆಸರು ಅದು. "ಎಪ್ಪತ್ತೆಂಟು ವರ್ಷ ನಂಗೆ. ನಾನು ಬಾಗಿಲಿಂದ ಬಚ್ಚಲಿಗೆ ಹೋಗಿಬರೋ ಹೊತ್ತಿಗೆ ನೀನು ಇನ್ನೂ ಚಪ್ಪಲೀಲೇ ಇರ್ತೀಯ."

ಅಮ್ಮ ನನ್ನ ಪಾದಗಳನ್ನು ತೊಡೆಯ ಮೇಲೆ ಎಳೆದುಕೊಂಡು, ಗಾಯವಾಗಿದೆಯೇ ಎಂದು ಬೆರಳ ಸಂದುಗಳನ್ನೆಲ್ಲ ನೋಡಿದಳು. ಗಾಯವಾದರೆ ನನಗೆ ತಿಳಿಯುವುದಿಲ್ಲವಲ್ಲ, ಹಾಗಾಗಿ ದಿನಾ ಸಂಜೆ ಈ ತಪಾಸಣೆ.

"ಆಫೀಸಲ್ಲಿ ಹೇಳಿಬಿಡೇ," ಎಂದಳು.

"ಮುಂದಿನ ವಾರ ಕಾಯಂ ಆಗ್ಲಿ, ಆಮೇಲೆ."

"ಅಲ್ಲೀವರೆಗೆ ಏನೂ ಆಗ್ದಿದ್ರೆ ಸರಿ."

"ಏನಾಗತ್ತಮ್ಮ? ಏನೂ ಆಗಲ್ಲ," ಎಂದು ಕಾಲು ಎಳೆದುಕೊಂಡೆ. ಧ್ವನಿ ಜೋರಾಗಿಬಿಟ್ಟಿತು. ಅಜ್ಜಿ ಅಮ್ಮನ ಮುಖ ನೋಡಿದಳು, ಅಮ್ಮ ಗೋಡೆ ನೋಡಿದಳು.

ಊಟಕ್ಕೆ ಕೂತೆ, ಎದ್ದೆ. ಪುಸ್ತಕ ತೆರೆದೆ, ಮುಚ್ಚಿದೆ. ದಿನಚರಿಯಲ್ಲಿ 'ಇಂದು' ಎಂದು ಬರೆದು ಮುಂದೆ ಹೋಗಲಾಗಲಿಲ್ಲ. ನಾಲ್ಕು ವರ್ಷದಲ್ಲಿ ಆ ಪುಸ್ತಕಕ್ಕೆ ಸುಳ್ಳು ಬರೆದಿರಲಿಲ್ಲ. ಕೇಂದ್ರದ ಪುಸ್ತಕಕ್ಕೆ ಬರೆದು ಬಂದಿದ್ದೆ. ಆ ಮೂಟೆಗಳನ್ನು ಕೊಳ್ಳುವವನು ಯಾರೋ, ಅವನ ಹೊಲದಲ್ಲಿ ಹತ್ತರಲ್ಲಿ ಎಷ್ಟು ಮೇಲೇಳುತ್ತವೋ. ಪಾಸಾಗಬೇಕಾದದ್ದೇ ಪಾಸಾಗಿರಲೂಬಹುದು. ಆದರೆ ಅದು ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದು ಬರೆದದ್ದೇ ಅಂಗಾಲಿಗಿಂತ ಹೆಚ್ಚು ಉರಿಯುತ್ತಿತ್ತು.

ಶುಕ್ರವಾರ ನಾಲ್ಕು ಗಂಟೆಗೆ ಕೇಂದ್ರದ ಸಾಹೇಬರು ಫಲಿತಾಂಶಗಳಿಗೆ ಸಹಿ ಹಾಕುತ್ತಾರೆ. ಬೆಳಿಗ್ಗೆಯಿಂದ ಅವರ ಬಾಗಿಲವರೆಗೆ ಮೂರು ಸಲ ಹೋಗಿ ಬಂದೆ. ಮೂರನೆಯ ಸಲ ಚಿಮಟಕ್ಕ ಅಡ್ಡ ನಿಂತಳು.

"ಏನೇ ಇದು, ಬೆಕ್ಕು ಮರಿ ಸಾಗಿಸೋ ಹಾಗೆ ಆ ಕಡೆ ಈ ಕಡೆ?"

ಅವಳ ಕೈ ಹಿಡಿದು ಎಣಿಕೆ ಪುಸ್ತಕದ ಹತ್ತಿರ ಕರೆದೊಯ್ದು, ಆರನೆಯ ಸಾಲಿನ ಮೇಲೆ ಬೆರಳಿಟ್ಟೆ. "ಇದು ಸುಳ್ಳು ಅಕ್ಕ. ಎರಡೂ ಕೆಳಗೆ ಬಿದ್ದು ಬೆರೆತುಹೋದ್ವು. ಅಂದಾಜಿಗೆ ಹಂಚಿದೆ."

ಅವಳು ಪುಸ್ತಕವನ್ನು ತನ್ನ ಕಡೆಗೆ ಎಳೆದುಕೊಂಡಳು.

"ಎರಡು ಒಟ್ಟಿಗೆ ಯಾಕೆ ತಂದೆ?"

"ಕಾಲು ಅಕ್ಕ."

"ಚಪ್ಪಲಿ ಅಂದಿದ್ದೆ."

"ಚಪ್ಪಲಿ ಅಲ್ಲ." ಆಮೇಲೆ ಎಲ್ಲ ಹೇಳಿದೆ. ಸೂಜಿ, ನರ, ಅರ್ಜಿಯ ಗೆರೆ. ಹೇಳುವಾಗಲೂ ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸುತ್ತಲೇ ಇದ್ದೆ.

ಚಿಮಟಕ್ಕನಿಗೆ ಕರುಣೆ ಬರಲಿಲ್ಲ, ಸಿಟ್ಟು ಬಂತು. "ಬಿತ್ತು ಅಂತ ಬಂದು ಹೇಳಿದ್ರೆ ಎರಡು ಬೈಗುಳದಲ್ಲಿ ಮುಗೀತಿತ್ತು. ಇಪ್ಪತ್ತೆರಡು ವರ್ಷದಲ್ಲಿ ನಾನೇ ನಾಲ್ಕು ಸಲ ಬೀಳಿಸಿದ್ದೀನಿ. ಹಂಚೋ ಬುದ್ಧಿ ಎಲ್ಲಿಂದ ಬಂತೇ ನಿಂಗೆ? ನಡಿ ಒಳಗೆ. ನೀನೇ ಹೇಳ್ಬೇಕು, ನಾನು ಬಾಯಿ ಬಿಡಲ್ಲ."

ಸಾಹೇಬರು ಕೂಗಾಡುವವರಲ್ಲ. ನಾನು ತಡವರಿಸಿ ಮುಗಿಸುವವರೆಗೆ ಪೆನ್ನಿನ ಮುಚ್ಚಳ ಹಾಕಿಕೊಂಡು ಕೇಳಿದರು. ಕೂರು ಎಂದರು. ಆರು ತಿಂಗಳಲ್ಲಿ ಆ ಕಟ್ಟಡದೊಳಗೆ ಊಟದ ಹೊತ್ತು ಬಿಟ್ಟು ನಾನು ಕೂತದ್ದು ಅದೇ ಮೊದಲು.

"ಎರಡನ್ನೂ ಮೊದಲಿಂದ ಪರೀಕ್ಷೆ ಮಾಡ್ಬೇಕು," ಎಂದರು. "ಏಳು ದಿನ. ಮೇಲಿನವರಿಗೆ ವರದಿ ಹೋಗತ್ತೆ, ನೀನು ಬರೆದಿದ್ದೂ, ಈಗ ಬಂದು ಹೇಳಿದ್ದೂ. ನಿನ್ನ ಕಾಯಂ ಕಾಗದ ಮುಂದಿನ ವಾರ ಬರಲ್ಲ. ಬರತ್ತೋ ಇಲ್ವೋ ನಾನು ಹೇಳೋಕಾಗಲ್ಲ."

"ಕೂತು ಎಣಿಸೋಕೆ ಬಿಟ್ರೆ ನಾನು ಸರಿಯಾಗಿ ಎಣಿಸ್ತೀನಿ ಸರ್." ಯಾರೋ ನನ್ನ ಗಂಟಲಿನಿಂದ ಮಾತಾಡಿದ ಹಾಗಿತ್ತು.

"ಮೇಜು ಎತ್ತರ ಇದೆ."

"ಕುರ್ಚೀನೂ ಎತ್ತರದ್ದು ಸಿಗತ್ತೆ ಸರ್," ಎಂದಳು, ಬಾಯಿ ಬಿಡೆನೆಂದಿದ್ದ ಚಿಮಟಕ್ಕ.

ಅವರು ಅದಕ್ಕೆ ಹ್ಞೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಕಡತ ತೆರೆದು ಒಂದು ನಂಬರು ಹುಡುಕಿ, ಫೋನನ್ನು ನನ್ನ ಕಡೆ ತಳ್ಳಿದರು. "ಇನ್ನೂರ ಹದಿಮೂರರ ಮಾಲೀಕರು. ಫಲಿತಾಂಶ ಇವತ್ತು ಅಂತ ಕಾಯ್ತಿದ್ದಾರೆ. ತಡ ಯಾಕೆ ಅಂತ ನೀನೇ ಹೇಳು."

ಫೋನೆಂದರೆ ನನಗೆ ಹಾವು. ಅಕ್ಕಪಕ್ಕದವರು ಫೋನ್ ಮಾಡಿದರೂ ಎತ್ತುವವಳಲ್ಲ ನಾನು. ಆ ಕಡೆ ಗಂಟೆ ಹೊಡೆಯುತ್ತಿದ್ದಂತೆ ಬಲಪಾದದಲ್ಲಿ ಇರುವೆಗಳು ಏಳತೊಡಗಿದವು.

"ಹಲೋ, ಯಾರು?" ದಪ್ಪ ಧ್ವನಿ.

"ಬೀಜ ಪರೀಕ್ಷಾ ಕೇಂದ್ರದಿಂದ... ನಿಮ್ಮ ಮಾದರಿ ಎಣಿಸಿದ್ದು ನಾನು."

"ಆಂ, ಹೇಳಮ್ಮ. ಪಾಸು ತಾನೇ?"

"ಗೊತ್ತಿಲ್ಲ ಸರ್. ಇನ್ನೂ ಏಳು ದಿನ ಆಗತ್ತೆ. ನನ್ನ ಕೈಯಿಂದ ತಪ್ಪಾಯ್ತು. ನನ್ನ ಕಾಲು..."

"ಏಳು ದಿನಾನಾ? ಲಾರಿಗೆ ಹೇಳಿಬಿಟ್ಟಿದ್ದೀನಲ್ಲಮ್ಮ!" ಆ ಕಡೆ ಯಾರಿಗೋ ನಿಲ್ಲಿಸಿ ಎಂದು ಕೂಗಿದರು. ಮತ್ತೆ ನನಗೆ, "ಅಲ್ಲಮ್ಮ, ನಿನ್ನ ಕಾಲಿಗೂ ನನ್ನ ಬೀಜಕ್ಕೂ ಏನು ಸಂಬಂಧ?"

ಚಳಕು ಬಂತು. ಬಲಪಾದದಿಂದ ಮಂಡಿಯವರೆಗೆ. ಮೇಜಿನ ಅಂಚು ಹಿಡಿದುಕೊಂಡೆ. ಸಾಹೇಬರು ನೋಡುತ್ತಿದ್ದರು, ಚಿಮಟಕ್ಕ ನೋಡುತ್ತಿದ್ದಳು. ಮೊದಲ ಸಲ ಅದನ್ನು ಮುಖದಲ್ಲಿ ಮುಚ್ಚಿಕೊಳ್ಳಲು ಹೋಗಲಿಲ್ಲ.

"ಒಂದು ನಿಮಿಷ ಸರ್," ಎಂದೆ. "ನೋವು ಬಂದಿದೆ. ಹೋದ ತಕ್ಷಣ ಹೇಳ್ತೀನಿ."

ಆ ಕಡೆಯವರು ಫೋನು ಇಡಲಿಲ್ಲ. ನಾನೂ ಇಡಲಿಲ್ಲ.