ಹನ್ನೊಂದನೇ ತಟ್ಟೆ

ಮಗಳು ಸ್ಕ್ರೂಡ್ರೈವರಿನ ತುದಿಯಿಂದ ರೆಕಾರ್ಡ್ ಪ್ಲೇಯರಿನ ರಬ್ಬರ್ ಬೆಲ್ಟನ್ನು ಮೆಲ್ಲಗೆ ಎತ್ತಿದಳು. ಅದು ಒಣಗಿದ ಸಿಪ್ಪೆಯ ಹಾಗೆ ಮೂರು ತುಂಡಾಗಿ ಕೆಳಗೆ ಬಿತ್ತು.

"ಹೋಯ್ತು," ಅಂದಳು. "ಇದೂ ಹೋಯ್ತು, ಅಪ್ಪನೂ ಹೋದ್ರು. ಇಬ್ರೂ ಮಾತಾಡ್ಕೊಂಡೇ ಹೋಗಿರಬೇಕು."

ಅಪ್ಪ ಹಜಾರದ ನಡುವೆ ಬಿಳಿ ಬಟ್ಟೆ ಹೊದ್ದು ಮಲಗಿದ್ದ. ನಲವತ್ತು ವರ್ಷ ಲಿಫ್ಟ್ ರಿಪೇರಿ ಮಾಡಿದ ಮೇಸ್ತ್ರಿ. ಹಿಂದಿನ ದಿನ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದ. ಹತ್ತೂವರೆಗೆ ವ್ಯಾನ್ ಬರುವುದಿತ್ತು, ಆಗಲೇ ಒಂಬತ್ತು ದಾಟಿತ್ತು. ಸಾಯುವ ಮುಂಚೆ ಅವನು ಕೇಳಿದ್ದು ಒಂದೇ: "ನನ್ನನ್ನ ಮನೆಯಿಂದ ಇಳಿಸುವಾಗ ಹನ್ನೊಂದನೇ ತಟ್ಟೆಯ ಹಾಡು ಹಾಕಮ್ಮ. ಬೇರೇನೂ ಬೇಡ." ಮಗಳು ಆಯ್ತು ಅಂದಿದ್ದಳು. ಆಯ್ತು ಅಂದ ಮೇಲೆ ಆಗಲೇಬೇಕು, ಅವಳ ಸ್ವಭಾವವೇ ಅದು.

ಮೇಸ್ತ್ರಿಯ ಅಣ್ಣ ನಿವೃತ್ತ ಹೆಡ್‌ಮಾಸ್ತರು. ಬಾಗಿಲ ಬಳಿ ಕುರ್ಚಿ ಹಾಕಿಸಿಕೊಂಡು, ಬಂದವರನ್ನು ಹಾಜರಿ ತೆಗೆದುಕೊಳ್ಳುವ ಹಾಗೆ ನೋಡುತ್ತಿದ್ದರು.

"ಏನು ಹಾಡದು? ಅವನ ಆ ಕುಣಿತದ್ದಾದ್ರೆ ಈಗ್ಲೇ ಹೇಳ್ಬಿಡು. ನಾನು ಹೆಗಲು ಕೊಡಲ್ಲ. ಇದು ಸಾವಿನ ಮನೆಯೋ ಮದುವೆ ಮನೆಯೋ ಅಂತ ಬೀದಿಯೋರು ಕೇಳ್ಬಾರ್ದು."

"ಅಲ್ಲ ದೊಡ್ಡಪ್ಪ, ನಿಧಾನದ್ದು. ವಯಸ್ಸಾದವರು ಒಬ್ಬರೇ ಕೂತು ಅಳೋ ಹಾಗಿದೆ. ಚಿಕ್ಕವಳಿದ್ದಾಗಿಂದ ಕೇಳಿದೀನಿ, ನಂಬಿ."

"ನೀನು ಹೇಳ್ತೀಯ ಅಂತ ಒಪ್ಪಿದೀನಿ. ಅವನು ಹೇಳಿದ್ರೆ ಒಪ್ತಿರ್ಲಿಲ್ಲ."

ಗೋಡೆಗೆ ಒರಗಿ ಲಿಫ್ಟ್ ಕಂಪನಿಯ ನಾಲ್ವರು ನಿಂತಿದ್ದರು. ಕೆಳಮನೆಯವನು ಬಂದು, ನಾಲ್ಕನೇ ಮಾಳಿಗೆಯಿಂದ ಲಿಫ್ಟಿನಲ್ಲೇ ಇಳಿಸುವುದು ತಾನೇ ಎಂದು ಕೇಳಿದ.

"ಹಿಡಿಸಲ್ಲ," ಅಂದ ಅವರಲ್ಲಿ ಹಿರಿಯನಾದ ವೈರ್‌ಮ್ಯಾನ್. "ಮೇಸ್ತ್ರೀನೇ ಕೂರಿಸಿದ ಲಿಫ್ಟು. ಆರು ಜನ ನಿಂತ್ಕೋಬಹುದು. ಮಲಗೋಕೆ ಜಾಗ ಇಟ್ಟಿಲ್ಲ."

"ನಿಲ್ಲಿಸಿ ಕರ್ಕೊಂಡು ಹೋದ್ರೆ ಮೇಸ್ತ್ರಿಗೇನೂ ಬೇಜಾರಿಲ್ಲ ಬಿಡಿ," ಅಂದ ಇನ್ನೊಬ್ಬ. ನಾಲ್ವರೂ ನಕ್ಕರು. ಹೆಡ್‌ಮಾಸ್ತರು ಕೆಮ್ಮಿದರು. ನಾಲ್ವರೂ ನೆಲ ನೋಡಿದರು.

ಮಗಳು ರದ್ದಿ ಅಂಗಡಿಯವನಿಗೆ ಫೋನ್ ಮಾಡಿದಳು. ಅಪ್ಪನಿಗೆ ತಟ್ಟೆಗಳು ಸಿಕ್ಕಿದ್ದೇ ಅವನ ಅಂಗಡಿಯಲ್ಲಿ. "ಅರ್ಧ ಗಂಟೆ ಕೊಡಮ್ಮ," ಅಂದ. "ನನ್ನ ಮಿಷನ್ನೇ ಹೊತ್ಕೊಂಡು ಬರ್ತೀನಿ."

*

ಮೂವತ್ತು ವರ್ಷದ ಹಿಂದೆ ಯಾವುದೋ ಹೊರದೇಶದವರ ಕ್ಲಬ್ಬು ಮುಚ್ಚಿದಾಗ ಆ ತಟ್ಟೆಗಳ ಕಟ್ಟು ರದ್ದಿಗೆ ಬಂದಿತ್ತು. ಅರವತ್ತು ತಟ್ಟೆ. ರದ್ದಿಯವನಿಗೆ ಆಗ ಬೇಕಾಗಿದ್ದು ಹೊದಿಕೆಯ ರಟ್ಟು ಮಾತ್ರ. ಅಂಗಡಿಯ ಮೇಲಿನ ಲಿಫ್ಟ್ ಸರಿಮಾಡಲು ಬಂದ ಮೇಸ್ತ್ರಿ, ರಟ್ಟು ಹರಿಯುವವನ ಕೈ ಹಿಡಿದ.

"ಒಳಗೇನಿದೆ ಅಂತ ಕೇಳ್ದೆ ಹರೀತೀಯಲ್ಲೋ!"

"ಕೇಳಿದ್ರೆ ಅರ್ಥ ಆಗತ್ತಾ ನಿಂಗೆ?"

"ಮೋಟಾರ್ ಯಾವ ಭಾಷೇಲಿ ಮಾತಾಡತ್ತೆ? ನಂಗೆ ಅರ್ಥ ಆಗಲ್ವಾ?"

ಹೊದಿಕೆಯ ಮೇಲಿನ ಹೆಸರುಗಳನ್ನು ಓದಲು ಬಾರದೆ ಅವನು ತಟ್ಟೆಗಳಿಗೆ ನಂಬರು ಹಾಕಿದ. ನೋಟ್‌ಬುಕ್ಕಿನಲ್ಲಿ ಒಂದೊಂದರ ಮುಂದೆ ತನಗೆ ಕೇಳಿಸಿದ್ದನ್ನು ಬರೆದ. "ನಾಲ್ಕು: ತುತ್ತೂರಿಯವರು ಜಗಳ ಆಡ್ತಾರೆ, ಡೋಲಿನವನು ಬಿಡಿಸ್ತಾನೆ." "ಇಪ್ಪತ್ತು: ಪಿಯಾನೋ ಹೇಳಿದ್ದನ್ನೇ ಹೇಳತ್ತೆ, ಬೇಜಾರಾಗಲ್ಲ." ಸಾಲ್ಸಾ, ಮ್ಯಾಂಬೊ ಅನ್ನುವ ಕುಣಿತದ ಹೆಸರುಗಳು ಆಮೇಲೆ ಸಿಕ್ಕವು. ಹೆಸರಿಗಿಂತ ಮೊದಲು ತಾಳ ಸಿಕ್ಕಿತು. ಮೂರು ತಟ್ಟು, ಆಮೇಲೆ ಎರಡು ತಟ್ಟು. ಎಷ್ಟು ವಾದ್ಯ ಬೊಬ್ಬೆ ಹೊಡೆದರೂ ಒಳಗೆ ಆ ಐದು ತಟ್ಟು ಅಲುಗುತ್ತಿರಲಿಲ್ಲ. ಲಿಫ್ಟಿನ ಗುಂಡಿಗೆ ಇಳಿದು ಕಬ್ಬಿಣದ ಹಳಿಯ ಮೇಲೆ ಸ್ಪ್ಯಾನರಿನಲ್ಲಿ ಅದನ್ನೇ ಬಾರಿಸುತ್ತಿದ್ದ. ತಟ್ಟೆ ಮೇಸ್ತ್ರಿ ಅನ್ನುವ ಅಡ್ಡಹೆಸರು ಬಿದ್ದದ್ದು ಆಗಲೇ.

ಎಂಟು ತಟ್ಟೆಗಳನ್ನು ಮಾತ್ರ ಅವನು ಬೇರೆ ಕಪಾಟಿನಲ್ಲಿ ಇಟ್ಟ. ಅವುಗಳಲ್ಲಿ ಗಿಟಾರು, ಚಪ್ಪಾಳೆ, ಹಲಗೆಗೆ ಹಿಮ್ಮಡಿ ಕುಟ್ಟುವ ಸದ್ದು, ಗಂಟಲು ಹರಿದುಕೊಂಡು ಬರುವ ಹಾಡು. "ಇವು ಆ ಮನೆಯವಲ್ಲ," ಅನ್ನುತ್ತಿದ್ದ. ಹಡಗಿನಲ್ಲಿ ಅಡುಗೆ ಮಾಡಿ ನಿವೃತ್ತನಾದ ಒಬ್ಬ ಮನೆಗೆ ಬಂದು ಕೇಳಿ, ಇದು ಫ್ಲಮೆಂಕೊ, ಸ್ಪೇನಿನದು, ಉಳಿದವು ಅಲ್ಲಿಂದ ಸಮುದ್ರ ದಾಟಿ ಆ ಕಡೆಯ ದೇಶದವು ಅಂದ. ಮೇಸ್ತ್ರಿ ಆ ದಿನ ಕೆಲಸಕ್ಕೆ ರಜೆ ಹಾಕಿದ. ಕಂಡಕಂಡವರಿಗೆಲ್ಲ ಹೇಳಿದ: "ಕಿವೀಲೇ ಕಂಡುಹಿಡಿದಿದ್ದೆ ಕಣ್ರೋ!"

*

ರದ್ದಿಯವನು ಮಿಷನ್ನನ್ನು ಮೇಜಿನ ಮೇಲಿಟ್ಟು ಬೆವರು ಒರೆಸಿಕೊಂಡ. ಮಗಳು ಹನ್ನೊಂದನೇ ತಟ್ಟೆ ತಂದಳು. ಅರವತ್ತರಲ್ಲಿ ಅದೊಂದೇ ಚಿಕ್ಕದು, ಅಂಗೈಗಿಂತ ಸ್ವಲ್ಪ ಅಗಲ. ಸರಿಯಿದೆಯೋ ಇಲ್ಲವೋ ನೋಡೋಣ ಎಂದು ರದ್ದಿಯವನು ಮುಳ್ಳು ಇಳಿಸಿದ.

ತುತ್ತೂರಿಗಳು ಸಿಡಿದವು. ಐದಾರು ತುತ್ತೂರಿ ಒಟ್ಟಿಗೆ. ಹಿಂದೆಯೇ ಡೋಲು, ಗಂಟೆ, ಹುರುಪಿನ ಗಂಡುದನಿಯೊಂದರ ಕೂಗು. ಕಿಟಕಿಯ ಗಾಜು ನಡುಗಿತು. ಹೆಣದ ಪಕ್ಕ ಅಳುತ್ತಿದ್ದ ನೆಂಟರ ಹೆಂಗಸೊಬ್ಬಳು ಬಾಯಿ ತೆರೆದುಕೊಂಡೇ ಅಳು ನಿಲ್ಲಿಸಿದಳು.

"ಆರ್‌ಸೋ ಅದನ್ನ!" ಹೆಡ್‌ಮಾಸ್ತರು ಎದ್ದೇ ಬಿಟ್ಟರು.

ರದ್ದಿಯವನು ಮುಳ್ಳು ಎತ್ತಿದ. "ಹನ್ನೊಂದನೇದೇ ಅಲ್ವಾ?"

"ಹನ್ನೊಂದೇ," ಅಂದಳು ಮಗಳು. "ಆದ್ರೆ ಈ ಹಾಡಲ್ಲ. ನಮ್ಮದು ನಿಧಾನದ್ದು."

ರದ್ದಿಯವನು ಕೆಟ್ಟ ಮಿಷನ್ನಿನ ಕಡೆ ಬಗ್ಗಿ ನೋಡಿದ. ನಾಲಿಗೆ ಕಚ್ಚಿಕೊಂಡ.

"ಇದೇ ಹಾಡಮ್ಮ. ದೊಡ್ಡ ತಟ್ಟೆ ನಿಮಿಷಕ್ಕೆ ಮೂವತ್ಮೂರು ಸುತ್ತು ಸುತ್ತಬೇಕು, ಈ ಚಿಕ್ಕದು ನಲವತ್ತೈದು. ನಿಮ್ಮ ಮಿಷನ್ನಿನ ವೇಗದ ಗುಂಡೀನ ಮೂವತ್ಮೂರಕ್ಕೇ ತಂತಿ ಸುತ್ತಿ ಕಟ್ಟಿದೆ ನೋಡು. ದೊಡ್ಡವೆಲ್ಲ ಸರಿಯಾಗೇ ಬಂದಿವೆ. ಇದೊಂದು ಮಾತ್ರ ಎಳೆದೆಳೆದು ಬಂದಿದೆ. ಇದು ಅಳೋ ಹಾಡಲ್ಲ, ಒಳ್ಳೇ ಮ್ಯಾಂಬೊ."

ಹೆಡ್‌ಮಾಸ್ತರಿಗೆ ಇಷ್ಟು ಸಾಕಾಯಿತು. "ಕೇಳಿದ್ರಾ? ಊರಿಗೆಲ್ಲ ಪಾಠ ಹೇಳ್ತಿದ್ದ, ಅದು ಸಾಲ್ಸಾ, ಇದು ಮ್ಯಾಂಬೊ ಅಂತ. ಸ್ವಂತ ಮನೇಲಿ ಮೂವತ್ತು ವರ್ಷ ತಪ್ಪು ಹಾಡು! ಮೋಟಾರಿನ ಸದ್ದಲ್ಲೇ ವೇಗ ಹೇಳ್ತಿದ್ನಂತೆ, ವೇಗ!"

ಲಿಫ್ಟಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಗಳಿಗೆ ಸಿಟ್ಟು ಬಂತು. ಸತ್ತವನನ್ನು ಎಲ್ಲರೆದುರು ದಡ್ಡ ಅಂದಿದ್ದಾರೆ, ಅದಕ್ಕೆ ಸಾಕ್ಷಿಯೂ ಇದೆ.

ವೈರ್‌ಮ್ಯಾನ್ ಬಗ್ಗಿ ಆ ತಂತಿಯನ್ನು ಬೆರಳಿಂದ ಮುಟ್ಟಿದ. "ಇದು ಮೇಸ್ತ್ರಿ ಹಾಕಿದ ಗಂಟು. ಈ ಗಂಟು ಬೇರೆ ಯಾರಿಗೂ ಬರಲ್ಲ."

"ಅವರೇ ಕಟ್ಟಿದ್ದು," ಅಂದಳು ಮೇಸ್ತ್ರಿಯ ಹೆಂಡತಿ. ಬೆಳಿಗ್ಗೆಯಿಂದ ಗಂಡನ ತಲೆಯ ಬಳಿ ಕೂತಿದ್ದವಳು ಬಾಯಿ ಬಿಟ್ಟದ್ದು ಆಗಲೇ. "ಗೊತ್ತಿದ್ದೇ ಕಟ್ಟಿದ್ದು."

*

ಆ ಚಿಕ್ಕ ತಟ್ಟೆಯನ್ನು ಮೇಸ್ತ್ರಿ ಮೊದಲ ಸಲ ಹಾಕಿದ್ದು ಸರಿಯಾದ ವೇಗದಲ್ಲೇ. ಹಾಡು ಅವನ ಕಾಲನ್ನು ಕೂರಗೊಡಲಿಲ್ಲ. ಪಾತ್ರೆ ತೊಳೆಯುತ್ತಿದ್ದ ಹೆಂಡತಿಯನ್ನು ಒದ್ದೆ ಕೈಯಲ್ಲೇ ಎಳೆದುಕೊಂಡು ಬಂದ. ಅವಳ ಎಡಗಾಲು ಚಿಕ್ಕಂದಿನಿಂದ ಎರಡು ಬೆರಳಷ್ಟು ಗಿಡ್ಡ. ಅವಳಿಗಾಗಿಯೇ ಅವನು ತಾನೇ ಲಿಫ್ಟ್ ಕೂರಿಸಿದ್ದ ಕಟ್ಟಡದಲ್ಲಿ ಮನೆ ಹಿಡಿದಿದ್ದ. ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಅವಳು ಮುಗ್ಗರಿಸಿ ಮೇಜಿನ ಮೂಲೆ ಹಿಡಿದುಕೊಂಡಳು.

"ನಿಮ್ಮ ಕುಣಿತ ನೀವೇ ಕುಣೀರಿ! ನನ್ನನ್ನ ಯಾಕೆ ನಗೆಪಾಟಲು ಮಾಡ್ತೀರಿ?"

ಅವನು ಸಮಾಧಾನ ಹೇಳಲಿಲ್ಲ. ಸಮಾಧಾನ ಹೇಳುವುದು ಅವನಿಗೆ ಬರುತ್ತಲೂ ಇರಲಿಲ್ಲ. ಲಿಫ್ಟು ಜೋರಾಗಿ ಓಡಿದರೆ ಏನು ಮಾಡಬೇಕೋ ಅದನ್ನೇ ಮಾಡಿದ. ವೇಗ ಇಳಿಸಿದ. ತುತ್ತೂರಿಗಳು ನೆಗಡಿ ಬಂದವರ ಹಾಗೆ ಗೊಗ್ಗರು ದನಿ ತೆಗೆದವು. ಹಾಡುವವನು ಒಂದೇ ಕ್ಷಣದಲ್ಲಿ ಮುದುಕನಾದ. ಅವಳಿಗೆ ನಗು ತಡೆಯಲಾಗಲಿಲ್ಲ.

"ಪಾಪ, ಆ ಮನುಷ್ಯನಿಗೇನಾಯ್ತು?"

"ನಮಗೆ ಕಾಯ್ತಾ ಇದಾನೆ. ಬಾ."

ಐದು ತಟ್ಟು ಈಗ ದೂರದೂರ ಬೀಳುತ್ತಿದ್ದವು. ಒಂದೊಂದರ ನಡುವೆ ಗಿಡ್ಡ ಕಾಲನ್ನು ಊರಲು, ಎತ್ತಲು ಬೇಕಾದಷ್ಟು ಸಮಯ. ಮಾರನೇ ದಿನ ಅವನು ಗುಂಡಿಗೆ ತಂತಿ ಸುತ್ತಿದ, ಯಾರೂ ಮುಟ್ಟಬಾರದು ಅಂದ. ಆಗ ಮಗಳು ತೊಟ್ಟಿಲಲ್ಲಿದ್ದಳು.

*

ಮೇಸ್ತ್ರಿಯ ಹೆಂಡತಿ ಇದೆಲ್ಲವನ್ನೂ ಐದಾರು ಮಾತಿನಲ್ಲಿ ಹೇಳಿ ಮುಗಿಸಿದಳು.

"ಸರಿ ಬಿಡಿ," ಅಂದಳು ಮಗಳು ಕಣ್ಣೊರೆಸಿಕೊಂಡು. "ಈ ಮಿಷನ್ನಲ್ಲಿ ಎರಡೂ ವೇಗ ಇದೆ. ನಿಧಾನಕ್ಕೇ ಹಾಕ್ತೀನಿ. ಅಪ್ಪ ಹೇಳಿದ ಹಾಗೂ ಆಗತ್ತೆ, ದೊಡ್ಡಪ್ಪನ ಮಾತೂ ಉಳಿಯತ್ತೆ."

"ಹಾಗೇ ಮಾಡು," ಅಂದರು ಹೆಡ್‌ಮಾಸ್ತರು. ಅವರ ದನಿ ಇಳಿದಿತ್ತು.

"ಬೇಡ." ತಾಯಿ ಮೇಜು ಹಿಡಿದು ಎದ್ದಳು. "ನಿಧಾನ ಮಾಡಿದ್ದು ನನ್ನ ಕಾಲಿಗೆ. ಇವತ್ತು ನಾನು ಜೊತೆಗೆ ಹೋಗ್ತಿಲ್ಲ. ಹಾಡು ಹೇಗಿದೆಯೋ ಹಾಗೇ ಹಾಕು. ಅವರು ಅವರ ವೇಗದಲ್ಲಿ ಹೋಗ್ಲಿ."

"ಹಾಗಾದ್ರೆ ನನ್ನ ಹೆಗಲಿಲ್ಲ," ಅಂದರು ಹೆಡ್‌ಮಾಸ್ತರು.

"ಇಲ್ದಿದ್ರೆ ಬಿಡಿ ಭಾವ. ಲಿಫ್ಟಿನವರು ನಾಲ್ಕು ಜನ ಇದಾರೆ. ಅವರಿಗೆ ತೂಕ ಇಳಿಸಿ ಅಭ್ಯಾಸ."

ಹೆಡ್‌ಮಾಸ್ತರ ಎದುರು ಯಾರೂ ಹೀಗೆ ಮಾತಾಡಿದ್ದಿಲ್ಲ. ಅವರು ಕುರ್ಚಿಯಲ್ಲಿ ಕೂತು ಗೋಡೆ ನೋಡಿದರು. ಕೆಳಗೆ ವ್ಯಾನಿನ ಹಾರ್ನ್ ಕೇಳಿಸಿತು. ಲಿಫ್ಟಿನವರು ಕೆಳಗಿಂದ ಸ್ಟ್ರೆಚರು ತಂದು, ಮೇಸ್ತ್ರಿಯನ್ನು ಅದರ ಮೇಲೆ ಮಲಗಿಸಿ ನಾಲ್ಕು ಮೂಲೆ ಹಿಡಿದರು. ಹೆಗಲಿಗೆ ಎತ್ತಬೇಕು ಅನ್ನುವಾಗ ಹೆಡ್‌ಮಾಸ್ತರು ಎದ್ದು ಬಂದು ಮುಂದಿನ ಬಲಮೂಲೆಯವನ ರಟ್ಟೆ ಹಿಡಿದು ಪಕ್ಕಕ್ಕೆ ಸರಿಸಿದರು.

"ಸರಿ ಆಚೆ. ಅವನು ತಮ್ಮ ಯಾರಿಗೆ, ನಿನಗಾ ನನಗಾ?"

ತಾಯಿ ಮುಳ್ಳು ಇಳಿಸಿದಳು. ತುತ್ತೂರಿಗಳು ಹಜಾರ ದಾಟಿ, ಬಾಗಿಲು ದಾಟಿ ಮೆಟ್ಟಿಲ ಮೇಲೆ ಉರುಳಿದವು. ಮಗಳು ಮುಂದೆ, ಹಿಂದೆ ಹೊತ್ತವರು. ಮೂರನೇ ಮಾಳಿಗೆಯಲ್ಲಿ ಬಾಗಿಲುಗಳು ತೆರೆದುಕೊಂಡವು. ಒಬ್ಬ ಮುದುಕಿ ಇಣುಕಿ ನೋಡಿ, ಹೆಣ ಕಂಡು ಕೈ ಮುಗಿದಳು. ಅವಳ ತಲೆ ಮಾತ್ರ ತಾಳಕ್ಕೆ ಆಡುತ್ತಿತ್ತು. ಹೆಡ್‌ಮಾಸ್ತರು ಹಲ್ಲು ಕಚ್ಚಿ ಇಳಿದರು. ಹಾಡಿನ ಅವಸರಕ್ಕೆ ನಾಲ್ವರ ಹೆಜ್ಜೆ ಮೊದಲು ಅಡ್ಡಾದಿಡ್ಡಿಯಾಯಿತು, ಸ್ಟ್ರೆಚರು ತೊನೆಯಿತು, ತಿರುವಿನಲ್ಲಿ ಯಾರೂ ಹೇಳದೆ ಹೆಜ್ಜೆ ಒಂದಾಯಿತು. ಆಮೇಲೆ ಭಾರ ಗೊತ್ತಾಗಲಿಲ್ಲ.

ಎರಡನೇ ಮಾಳಿಗೆಗೆ ಬರುವಷ್ಟರಲ್ಲಿ ಹಾಡು ಮುಗಿದುಹೋಯಿತು. ಮೂರು ನಿಮಿಷವೂ ಇಲ್ಲದ ಹಾಡು. ಮೆಟ್ಟಿಲೆಲ್ಲ ಥಟ್ಟನೆ ಖಾಲಿಯಾದ ಹಾಗಾಯಿತು. ಹೆಡ್‌ಮಾಸ್ತರು ನಿಂತರು. ಅವರು ನಿಂತದ್ದಕ್ಕೆ ಉಳಿದ ಮೂವರೂ ನಿಂತರು.

"ನಡೀರಿ ಸಾರ್," ಅಂದ ಹಿಂದಿನಿಂದ ವೈರ್‌ಮ್ಯಾನ್.

ಹೆಡ್‌ಮಾಸ್ತರು ನಡೆಯಲಿಲ್ಲ. ಹೆಗಲ ಮೇಲೆ ತಮ್ಮನನ್ನು ಹೊತ್ತುಕೊಂಡೇ ಕತ್ತು ಓರೆ ಮಾಡಿ ಮೇಲಕ್ಕೆ ಕೂಗಿದರು.

"ಏನಮ್ಮಾ! ಯಾಕೆ ನಿಂತ್ಹೋಯ್ತು? ಇನ್ನೂ ಎರಡು ಮಾಳಿಗೆ ಇದೆ! ಮೊದಲಿಂದ ಹಾಕು!"

ಮೇಲಿಂದ ಮುಳ್ಳು ತಟ್ಟೆಗೆ ತಾಗುವ ಕರಕರ ಸದ್ದು ಇಳಿದು ಬಂತು. ಹೆಡ್‌ಮಾಸ್ತರು ಬಲಗಾಲನ್ನು ಕೆಳಗಿನ ಮೆಟ್ಟಿಲ ಮೇಲೆ ಗಾಳಿಯಲ್ಲೇ ಎತ್ತಿ ಹಿಡಿದು ಮೊದಲ ತಟ್ಟಿಗೆ ಕಾದರು.