ಲೆಕ್ಕಕ್ಕಿಲ್ಲದ ಬಾಳೆಹಣ್ಣು

ಸಕ್ಕರೆ ಡಬ್ಬಿಯನ್ನು ಬ್ಯಾಗಿಗೆ ತುರುಕಿಕೊಂಡು ಕಣ್ಣಾಸ್ಪತ್ರೆಗೆ ಹೊರಟವರನ್ನು ಎಲ್ಲಾದರೂ ಕಂಡಿದ್ದೀರಾ? ಮಧುವನಹಳ್ಳಿಯ ಶಿವರತ್ನಮ್ಮ ಆವತ್ತು ಹಾಗೇ ಹೊರಟಳು. ಸೊಸೆ ಕಳ್ಳಿಯೆಂದು ಡಾಕ್ಟರ ಮುಂದೆ ತೋರಿಸಿಕೊಡದೆ ಕೊಳ್ಳೇಗಾಲದಿಂದ ವಾಪಸು ಬರುವುದಿಲ್ಲವೆಂದು ಹಟ ತೊಟ್ಟಿದ್ದಳು.

ಮುದುಕಿಯ ಎರಡು ಕಣ್ಣಿಗೂ ಪೊರೆ ಬಂದಿತ್ತು. ಪೂಜೆಗೆ ಕೂತರೆ ಅಂಗೈ ಮೇಲಿನ ಲಿಂಗ ಬರೀ ಕಪ್ಪು ಮಚ್ಚೆಯ ಹಾಗೆ ಕಾಣುತ್ತಿತ್ತು. ಅದಕ್ಕಿಂತ ಹೆಚ್ಚಿಗೆ ಹೊಟ್ಟೆ ಉರಿಸುತ್ತಿದ್ದದ್ದು, ಬಚ್ಚಲಿಗೆ ಹೋಗಲೂ ಸೊಸೆ ಶೃತಿಯ ಕೈ ಹಿಡಿಯಬೇಕಲ್ಲ ಎಂಬುದು. ಆಪರೇಷನ್ ಆಗಲೇ ಎರಡು ಸಲ ಮುಂದೆ ಹೋಗಿತ್ತು. ರಕ್ತದ ಸಕ್ಕರೆ ಇಳಿಯುವ ತನಕ ಕಣ್ಣು ಮುಟ್ಟುವುದಿಲ್ಲ ಎಂದಿದ್ದರು ಡಾಕ್ಟರು. ನರ್ಸ್ ರೂಪ ಒಂದು ಪುಸ್ತಕ ಕೊಟ್ಟು, ಅತ್ತೆ ದಿನಾ ತಿಂದದ್ದನ್ನು ಬರೆಯಲು ಶೃತಿಗೆ ಹೇಳಿದ್ದಳು. ಒಂದು ಕಾಲಂನಲ್ಲಿ ನಾವು ಬೆರೆಸುವ ಸಕ್ಕರೆ, ಬೆಲ್ಲ. ಪಕ್ಕದ ಕಾಲಂನಲ್ಲಿ ಹಣ್ಣು, ಹಾಲಿನೊಳಗೆ ತಾನಾಗೇ ಇರುವ ಸಕ್ಕರೆ.

ಶಿವರತ್ನಮ್ಮ ಕಾಫಿಗೆ ಸಕ್ಕರೆ ಬಿಟ್ಟಳು. ಆ ನಾಲಗೆಗೆ ಅದೇನು ಸಾಮಾನ್ಯವೇ! ಮನೆಯವರಿಗೂ ಸಪ್ಪೆ ಕಾಫಿಯೇ ಗತಿಯಾಯಿತು. ಡಬ್ಬಿಗೆ ಸಕ್ಕರೆಯನ್ನು ಅಂಚಿನವರೆಗೆ ತುಂಬಿ, ಬಾಯಿಗೆ ದಾರ ಸುತ್ತಿ, ಮೂರು ಗಂಟು ಹಾಕಿ ದಿನಾ ತಡವಿ ನೋಡುತ್ತಿದ್ದಳು. ಗಂಟು ಸರಿಯಾಗೇ ಇರುತ್ತಿತ್ತು. ಸೊಸೆ ಬಿಚ್ಚಿ ಮತ್ತೆ ಹಾಗೇ ಕಟ್ಟುತ್ತಾಳೆ, ಖದೀಮಿ ಎಂದು ಅವಳ ಗುಮಾನಿ.

ಅತ್ತ ಶಿವನ ಹಸಿವು ಹೆಚ್ಚಾಗತೊಡಗಿತು. ಲಿಂಗದ ಮುಂದೆ ಅರ್ಧ ಬಾಳೆಹಣ್ಣು ಇಡುತ್ತಿದ್ದವಳು ಎರಡೆರಡು ಇಟ್ಟಳು, ಜೊತೆಗೆ ಖರ್ಜೂರ, ದ್ರಾಕ್ಷಿ. ಪೂಜೆ ದಿನಕ್ಕೆ ಮೂರು ಹೊತ್ತು. ಶಿವ ನೋಡಿ ಬಿಟ್ಟದ್ದನ್ನು ಪ್ರಸಾದವೆಂದು ತಾನೇ ತಿನ್ನುತ್ತಿದ್ದಳು.

"ಇದನ್ನೂ ಬರೀಬೇಕು ಅತ್ತೆ," ಎಂದು ಶೃತಿ ಮೊದಲ ದಿನ ಪೆನ್ನು ತೆಗೆದದ್ದೇ ತಡ, ಮುದುಕಿ ಸಿಡಿದಳು.

"ಏನಮ್ಮಿ, ಪ್ರಸಾದಕ್ಕೂ ಲೆಕ್ಕ ಬರ್ದಿಯಾ? ಗಿಡ ಕೊಟ್ಟಿದ್ದು ಅದು, ನಾನೇನು ಸಕ್ರೆ ಬೆರ್ಸಿದ್ನಾ? ಆ ಪುಸ್ತಕದಲ್ಲಿ ಒಂದಕ್ಸರ ಬರುದ್ರೆ ನಿನ್ ಕೈ ಸೇದೋಗ!"

ಶೃತಿ ಪೆನ್ನು ಮುಚ್ಚಿದಳು. ಮತ್ತೆ ಆ ಮಾತೆತ್ತಲಿಲ್ಲ.

ಎರಡು ತಿಂಗಳಾದ ಮೇಲೆ ಆಸ್ಪತ್ರೆಯಲ್ಲಿ ಡಾಕ್ಟರ್ ಪ್ರೇಮಾ ಚೀಟಿ ನೋಡಿ ತಲೆಯಾಡಿಸಿದರು. "ಮುನ್ನೂರ ಹನ್ನೆರಡು. ಈ ಸಲವೂ ಆಪರೇಷನ್ ಆಗಲ್ಲ."

ಶಿವರತ್ನಮ್ಮ ಡಬ್ಬಿಯನ್ನು ಟೇಬಲ್ ಮೇಲೆ ಕುಕ್ಕಿದಳು. "ಇವ್ಳೇ ಕಣವ್ವ! ನಂಗೆ ಕಣ್ ಬರಬಾರ್ದು ಅಂತ ಊಟಕ್ಕೆ ಸಕ್ರೆ ಬೆರುಸ್ತಾಳೆ. ಮನೆಹಾಳಿ!"

ಡಾಕ್ಟರು ದಾರ ಬಿಚ್ಚಿದರು. ಡಬ್ಬಿ ಅಂಚಿನವರೆಗೂ ತುಂಬಿತ್ತು. ಮುದುಕಿಯ ಬೆರಳು ಹಿಡಿದು ಒಳಗೆ ಒತ್ತಿಸಿದರು. ಸಕ್ಕರೆ ಹೆಪ್ಪುಗಟ್ಟಿ ಕಲ್ಲಾಗಿತ್ತು.

"ಇದನ್ನ ಯಾರೂ ಮುಟ್ಟೇ ಇಲ್ಲ ಅಜ್ಜಿ. ಬೇರೆ ಏನು ತಿಂತೀರಿ?"

"ಏನೂ ಇಲ್ಲ. ಬರೀ ಪ್ರಸಾದ."

"ಎಷ್ಟು?"

ಶಿವರತ್ನಮ್ಮ ಡಬ್ಬಿಯ ಮುಚ್ಚಳಕ್ಕಾಗಿ ಟೇಬಲ್ ತಡವತೊಡಗಿದಳು. ಶೃತಿ ತನ್ನ ಬ್ಯಾಗಿನಿಂದ ಇನ್ನೊಂದು ನೋಟ್‌ಬುಕ್ ತೆಗೆದು, ದನಿ ಏರಿಸದೆ ಓದತೊಡಗಿದಳು. "ಬೆಳಿಗ್ಗೆ ಬಾಳೆಹಣ್ಣು ಎರಡು, ಖರ್ಜೂರ ಆರು. ಮಧ್ಯಾಹ್ನ ಬಾಳೆಹಣ್ಣು ಎರಡು, ದ್ರಾಕ್ಷಿ ಒಂದು ಹಿಡಿ. ಸಂಜೆ ಮತ್ತೆ ಎರಡು..."

"ಹಣ್ಣು ಬೇಡ ಅನ್ನಲ್ಲ, ಅರ್ಧ ತಿನ್ನಿ," ಎಂದರು ಡಾಕ್ಟರು. "ದಿನಕ್ಕೆ ಆರು ತಿಂದ್ರೆ, ಗಿಡದಿಂದ ಬಂತೋ ಡಬ್ಬಿಯಿಂದ ಬಂತೋ ಅಂತ ರಕ್ತ ವಿಚಾರಿಸಲ್ಲ. ಮುಂದಿನ ತಿಂಗಳು ಬನ್ನಿ."

ಬಸ್ ಸ್ಟ್ಯಾಂಡಿನ ತನಕ ತಡೆದುಕೊಂಡಿದ್ದ ಮುದುಕಿ ಅಲ್ಲಿ ಸೊಸೆಯ ಕೈ ಕೊಡವಿದಳು. "ಎಲ್ಲಾ ಗೊತ್ತಿದ್ದೂ ಎಲ್ಡ್ ತಿಂಗ್ಳು ಬಾಯ್ ಮುಚ್ಕಂಡಿದ್ದಲ್ಲ, ಪಾಪಿ! ನನ್ ಕಣ್ಣು ಕಣಮ್ಮಿ ಅದು!"

"ಬರುದ್ರೆ ಕೈ ಸೇದೋಗ ಅಂದ್ರಿ. ನಂಗೂ ಸಿಟ್ಟಿತ್ತು. ನೀವೇ ಅನುಭವಿಸ್ಲಿ ಅಂತ ಸುಮ್ನಿದ್ದೆ." ಶೃತಿ ಕೈಯನ್ನು ಮತ್ತೆ ಮುಂದೆ ಚಾಚಿದಳು. ಬಸ್ಸಿನ ಮೆಟ್ಟಿಲು ಕಾಣದೆ ಶಿವರತ್ನಮ್ಮ ಅದನ್ನೇ ಹಿಡಿದು ಹತ್ತಬೇಕಾಯಿತು.

ಮಾರನೆಯ ಬೆಳಿಗ್ಗೆ ಲಿಂಗದ ಮುಂದೆ ಅರ್ಧ ಬಾಳೆಹಣ್ಣಿತ್ತು. ಪೂಜೆ ಮುಗಿಸಿದ ಮುದುಕಿ ತಟ್ಟೆಯನ್ನು ಸೊಸೆಯ ಕಡೆ ತಳ್ಳಿದಳು.

"ಅರ್ಧ. ನೆಟ್ಗೆ ನೋಡಿ ಬರ್ಕೊ. ಕಣ್ ಬಂದ ದಿನ ಆ ಪುಸ್ತಕನ ನಾನೇ ಓದ್ತೀನಿ. ಒಂದ್ ಸುಳ್ಳು ಸಿಕ್ಲಿ, ಆಮೇಲೈತೆ ನಿಂಗೆ."

"ಓದಿ ಅತ್ತೆ, ಮೊದಲ್ನೇ ಪುಟದಿಂದ್ಲೇ ಓದಿ. ಅದ್ರಲ್ಲೂ ಎಲ್ಡು ಕಾಲಂ ಅವೆ. ಒಂದ್ರಲ್ಲಿ ನೀವು ತಿಂದಿದ್ದು, ಇನ್ನೊಂದ್ರಲ್ಲಿ ನೀವು ನನ್ನ ಬೈದಿದ್ದು. ಎಲ್ಲಾ ತಾರೀಕಾಕಿ ಬರ್ದಿವ್ನಿ."

ಶಿವರತ್ನಮ್ಮ ಆ ಅರ್ಧ ಹಣ್ಣನ್ನೂ ಪೂರ್ತಿ ತಿನ್ನಲಿಲ್ಲ.